ಮಾಲೆಬೊನಾ ಎಂಬ ಹೆಸರು

ಸೆಮೊನ್ಕೊಂಗ್ ಹತ್ತಿರ, ನಮ್ಮ ಹಳ್ಳಿಯಿಂದ
ಜುಲೈ ೧೮

ಪ್ರೀತಿಯ ಮೊಲಿಯೆಹಿ,

ನೀನು ಕ್ಷೇಮವಾಗಿದ್ದೀಯ, ನಿನ್ನ ಮಂಡಿನೋವು ತುಸು ಕಡಿಮೆಯಾಗಿದೆ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬಯ್ಯಬೇಡ. ಹಿಮ ಬಿದ್ದು ರಸ್ತೆ ಮುಚ್ಚಿತ್ತು ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು, ಮುಚ್ಚಿದ್ದೂ ನಿಜವೇ. ಆದರೆ ಅಸಲಿಗೆ ನಾನು ತಲೆ ಕೆಟ್ಟು ಕೂತಿದ್ದೆ.

ನೀನು ಕೆಲಸ ಮಾಡುವ ಪ್ರವಾಸದ ಕಚೇರಿಯ ಯಜಮಾನಿಗೆ ನಮ್ಮ ಲೆಸೋಥೊದ ಪರಿಚಯ ಒಂದು ಪುಟ ಬೇಕಂತೆ. ಶಾಲೆಯಲ್ಲಿ ನನ್ನ ಬರವಣಿಗೆ ಚೆನ್ನಾಗಿತ್ತು ಅಂತ ಅದನ್ನು ತಂದು ನನ್ನ ತಲೆಗೆ ಕಟ್ಟಿದ್ದೀಯ. ಏನು ಬರೆಯಲಿ ಮಾರಾಯ್ತಿ? ಚಿಕ್ಕ ದೇಶ, ಬರೀ ಬೆಟ್ಟ, ಸಮುದ್ರವಿಲ್ಲ, ನಾಲ್ಕೂ ಕಡೆ ಒಂದೇ ದೇಶ ಸುತ್ತಿಕೊಂಡಿದೆ. ಮುಗಿಯಿತಲ್ಲ. ನಮ್ಮ ಬೆಟ್ಟದ ನೀರು ಆ ಕಡೆಯವರ ಸ್ನಾನದ ತೊಟ್ಟಿಗೆ ಹೋಗಿ ಬೀಳುತ್ತದೆ, ನಾವು ಬಕೆಟ್ ಹೊತ್ತು ಝರಿಗೆ ಇಳಿಯುತ್ತೇವೆ, ಅದನ್ನೂ ಸೇರಿಸು. ಆಫ್ರಿಕ ಎಂದರೆ ಬಿಸಿಲು ಅಂತ ನಮ್ಮ ಚಳಿಗಾಲದ ಜುಲೈಯಲ್ಲಿ ಚಡ್ಡಿ ಹಾಕಿಕೊಂಡು ಬಂದು ಗಡಗಡ ನಡುಗುವವರಿಗೆ ಕಂಬಳಿ ತರಲು ಹೇಳು. ಸಿಂಹ ಎಲ್ಲಿ ಎಂದು ಮಾತ್ರ ಕೇಳಬಾರದು. ಮೊನ್ನೆ ಒಬ್ಬ ಕುದುರೆ ಮೇಲೆ ಕೂತು ಇದನ್ನೇ ಕೇಳಿದನಂತೆ. ಲಗಾಮು ಹಿಡಿದಿದ್ದ ನನ್ನ ಗಂಡ ತ್ಸೆಲಿಸೊ, "ಬನ್ನಿ ಸ್ವಾಮಿ, ಮನೇಲಿ ನಮ್ಮವ್ವ ಇದ್ದಾಳೆ, ತೋರಿಸ್ತೀನಿ" ಅಂದನಂತೆ. ಹೊರಗಿನವರ ಮುಂದೆ ಬಾಯಿ ಚೆನ್ನಾಗಿ ಓಡುತ್ತದೆ, ಅವ್ವನ ಎದುರು ಮಾತ್ರ ಅದಕ್ಕೆ ಬೀಗ.

ನಿನ್ನ ಯಜಮಾನಿಗೆ ನಿಜವಾದ ಪರಿಚಯ ಬೇಕಿದ್ದರೆ ಇದನ್ನು ಬರೆದುಕೊಡು. ಇಲ್ಲಿ ಸೊಸೆ ಬಂದಾಗ ಕುರಿ ಕಡಿದು, ಹೊಸ ಕಂಬಳಿ ಹೊದಿಸಿ, ತವರಿನ ಹೆಸರು ಬಿಡಿಸುತ್ತಾರೆ. ಇನ್ನೂ ಹುಟ್ಟದ ಮಗುವಿಗೆ ಹೆಸರು ಗೊತ್ತುಮಾಡಿ, ಅದರ ತಾಯಿ ಎಂದು ಅವತ್ತಿನಿಂದಲೇ ಕರೆಯುತ್ತಾರೆ. ಲಿನೆಯೊ ಆಗಿ ಈ ಅಂಗಳಕ್ಕೆ ಕಾಲಿಟ್ಟೆ. ಮಾವನ ಹೆಸರು ಲೆಬೊನಾ, ಮೊಮ್ಮಗನಿಗೂ ಅದೇ ಬರಬೇಕು ಅಂತ ನನ್ನನ್ನು ಮಾಲೆಬೊನಾ, ಲೆಬೊನಾನ ತಾಯಿ, ಮಾಡಿದರು. ಇಪ್ಪತ್ತು ವರ್ಷವಾಯಿತು. ಅಂಗಳದಲ್ಲಿ ಕೋಳಿ ಬಿಟ್ಟರೆ ಬೇರೆ ಯಾರೂ ಓಡಾಡಲಿಲ್ಲ.

ಈಗ ಮೈದುನ ಖೌತಾ ಮದುವೆಯಾದ. ಕುರಿ ಕಡಿಯುವ ಶನಿವಾರ ಹತ್ತಿರ ಬಂದಾಗ ಅತ್ತೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಾ, ಉಪ್ಪು ಕೇಳಿದಷ್ಟೇ ಸಲೀಸಾಗಿ ಹೇಳಿದಳು:

"ಹೊಸ ಹುಡುಗೀಗೆ ಮಾಲೆಬೊನಾ ಅಂತಲೇ ಇಡೋಣ. ಆ ಹೆಸರು ಸುಮ್ನೆ ಖಾಲಿ ಬಿದ್ದಿದೆ."

"ಖಾಲಿ ಎಲ್ಲಿದೆ ಅತ್ತೆ? ನಾನಿದೀನಲ್ಲ."

"ನಿಂಗೆ ತವರಿನದು ಇದೆಯಲ್ಲೇ. ನಿಮ್ಮಪ್ಪ ಇಟ್ಟಿದ್ದು, ಅದನ್ನೇನು ಯಾರೂ ಕಿತ್ಕೊಂಡಿಲ್ಲ."

ನಾನು ಗಂಡನ ಮುಖ ನೋಡಿದೆ. ಆ ಪುಣ್ಯಾತ್ಮ ರೇಡಿಯೋದ ಕಿವಿ ಹಿಂಡುತ್ತಿದ್ದ. ಹೊರಗೆ ಎಳೆದುಕೊಂಡು ಹೋಗಿ, "ಏನಾದ್ರೂ ಒಂದು ಮಾತು ಹೇಳೋಕಾಗಲ್ವಾ?" ಎಂದೆ. "ಹೆಸರು ತಾನೇ ಹೋಗೋದು, ನೀನೇನು ಹೋಗ್ತೀಯಾ?" ಎಂದ. ಅವನ ಟೋಪಿ ಕಿತ್ತು ಸಗಣಿಗುಡ್ಡೆಗೆ ಎಸೆದೆ. ಎತ್ತಿಕೊಂಡು, ಕೊಡವಿ, ಹಾಕಿಕೊಂಡ. ಇಂಥವನ ಜೊತೆ ಜಗಳವಾದರೂ ಹೇಗೆ ಆಡುವುದು ಹೇಳು.

ಶನಿವಾರ ಹೋಗುವುದಿಲ್ಲ ಅಂತ ಹಟ ಹಿಡಿದೆ. ಆದರೆ ಅಷ್ಟು ಜನಕ್ಕೆ ಜೋಳದ ಹಿಟ್ಟಿನ ಪಾಪಾ ಮುದ್ದೆ ತಿರುವುವವರು ಬೇಕಲ್ಲ, ಕೊನೆಗೆ ನಾನೇ ಹೋಗಿ ಕೋಲು ಹಿಡಿದೆ. ಕುರಿ ಬಿತ್ತು. ಅತ್ತೆ ಹುಡುಗಿಯ ಹೆಗಲಿಗೆ ಕಂಬಳಿ ಹೊದಿಸಿ, ಪಿನ್ನು ಚುಚ್ಚಿ, "ಇವತ್ತಿಂದ ನೀನು ನಮ್ಮ ಮಾಲೆಬೊನಾ" ಎಂದಳು. ಹೆಂಗಸರು ಎಂದಿನಂತೆ ಸಂತೋಷಕ್ಕೆ ಲಿಲಿಲಿ ಎಂದು ಉಲಿಯಲು ನಾಲಿಗೆ ಎತ್ತಿದವರು ನನ್ನ ಕಡೆ ನೋಡಿ ಒಂದು ಗಳಿಗೆ ತಡೆದರು. ಆಮೇಲೆ ಉಲಿದರು. ನಾನೂ ಉಲಿದೆ, ನನ್ನ ಕರ್ಮ.

ಅಲ್ಲಿಗೇ ಮುಗಿದಿದ್ದರೆ ಸಾಕಿತ್ತು. ಊಟದ ಹೊತ್ತಿಗೆ ಯಾರೋ "ಮಾಲೆಬೊನಾ, ನೀರು ತಾರೇ" ಎಂದು ಕೂಗಿದರು. ನಾನು "ಬಂದೆ" ಎಂದು ಚೆಂಬು ಹಿಡಿದು ಎದ್ದೇಬಿಟ್ಟೆ. ಹುಡುಗಿ ಇನ್ನೂ ಕೂತೇ ಇದ್ದಳು, ಪಾಪ, ತನ್ನನ್ನು ಕರೆದದ್ದೆಂದು ಅವಳಿಗೆ ಹೊಳೆದಿರಲಿಲ್ಲ. ಅಂಗಳವೆಲ್ಲ ನಕ್ಕಿತು. ಪಕ್ಕದ ಮನೆಯ ಮುದುಕಿ, "ಕೂತ್ಕೊಳ್ಳೇ, ನಿನ್ನ ಡ್ಯೂಟಿ ಮುಗೀತು" ಎಂದಳು.

ಸಂಜೆ ಆ ಹುಡುಗಿ ಪಾತ್ರೆ ತೊಳೆಯಲು ನನ್ನ ಪಕ್ಕ ಬಂದು ಕೂತಳು. ರೆಫಿಲ್ವೆ ಅಂತ ಅವಳ ತವರಿನ ಹೆಸರು. "ಅಕ್ಕಾ, ನಾನಾಗಿ ಕೇಳಿದ್ದಲ್ಲ. ನಿಮ್ಮನ್ನ ಇನ್ಮೇಲೆ ಏನಂತ ಕರೀಲಿ?" ಎಂದು ಕಣ್ಣು ತುಂಬಿಕೊಂಡಳು. ಇವಳೊಬ್ಬಳು ಜಗಳಗಂಟಿಯಾಗಿದ್ದರೆ ನನ್ನ ಸಿಟ್ಟಿಗೆ ಇಳಿಯಲು ಜಾಗವಾದರೂ ಸಿಗುತ್ತಿತ್ತು. "ಅಕ್ಕ ಅಂತಲೇ ಕರಿ, ಸಾಕು" ಎಂದೆ.

ಇಷ್ಟೇ ಕಣೆ ನಮ್ಮ ದೇಶದ ಪರಿಚಯ. ಯಜಮಾನಿಗೆ ಹಿಡಿಸದಿದ್ದರೆ ಬೆಟ್ಟ, ಹಿಮ, ಕುದುರೆ ಅಂತ ನೀನೇ ಏನಾದರೂ ಗೀಚಿ ಕೊಡು. ನಿನ್ನ ಮಕ್ಕಳು ಚೆನ್ನಾಗಿರಲಿ. ನಿನ್ನ ಮನೆಯಲ್ಲಿ ನೆಮ್ಮದಿ ನೆಲೆಸಲಿ, ಮಳೆ ಬರಲಿ, ಕಣಜ ತುಂಬಲಿ.

ನಿನ್ನ
ಲಿನೆಯೊ

ಮ.ವಿ.: ಮದುವೆಯಾದ ಎರಡನೆಯ ಚಳಿಗಾಲದಲ್ಲಿ ನನಗೆ ಐದು ತಿಂಗಳಿಗೇ ಹೋಯಿತಲ್ಲ, ನೀನೇ ನನ್ನ ತಲೆ ಹಿಡಿದು ಕೂತಿದ್ದೆ. ಗಂಡು ಎಂದು ಹೇಳಿದವಳು ಅತ್ತೆ, ಮನೆಯ ಹಿಂದೆ ಮಣ್ಣು ಮಾಡಿದವಳೂ ಅವಳೇ. ಉಸಿರಾಡದ್ದಕ್ಕೆ ಹೆಸರಿಡಬಾರದು ಎಂದಳು. ನಾನು ಲೆಬೊನಾ ಎಂದೇ ಇಟ್ಟಿದ್ದೆ ಮೊಲಿಯೆಹಿ, ಯಾರಿಗೂ ಹೇಳಿರಲಿಲ್ಲ. ಅವತ್ತಿನಿಂದ ಜನ ನನ್ನನ್ನು ಕೂಗಿದಾಗಲೆಲ್ಲ ಅವನ ಹೆಸರೂ ಒಮ್ಮೆ ಕಿವಿಗೆ ಬೀಳುತ್ತಿತ್ತು. ಇನ್ನು ಮೇಲೆ ಅವನನ್ನು ಯಾರೂ ಕರೆಯುವುದಿಲ್ಲ.