ಮೈಲಾರಿಯ ಬಾಯಿಗೆ ಹಾಕಿದ ಕೈ

ಫೆಬ್ರುವರಿ 18, ಬುಧವಾರ

ಮೈಲಾರಿಯ ಗಾಯ ಒಣಗಿದೆ. ಪಟ್ಟಿ ಬಿಚ್ಚಿದಾಗ ಕೀವಿಲ್ಲ, ವಾಸನೆಯಿಲ್ಲ. ಅಂಚಿಗೆ ಬೇವಿನೆಣ್ಣೆ ಸವರಿ ಹೊಸ ಬ್ಯಾಂಡೇಜು ಸುತ್ತಿದೆ. ಸಡಿಲವೆನಿಸಿತು, ಬಿಚ್ಚಿ ಮತ್ತೆ ಸುತ್ತಿದೆ. ಎತ್ತಿನ ಕತ್ತು ಹಿಡಿದು ನಿಂತಿದ್ದ ಹಸನಬಿಗೆ ತಾಳ್ಮೆ ತಪ್ಪಿತು.

"ಮದುಮಗನ ಪಟಗಾ ಸುತ್ತಿದಂಗ ಸುತ್ತಾಕತ್ತೀರಲ್ರಿ ಅಕ್ಕೋರ. ಹೆಣ್ಣೇನರ ನೋಡೀರೇನು ಇವಗ?"

ಬಿಟ್ಟುಹೋದ ದನಕರುಗಳಿಗೆಂದು ನಾನು ನಡೆಸುವ ಈ ಆಸರೆಯಲ್ಲಿ ನನ್ನೊಡನೆ ಹೀಗೆ ಮಾತನಾಡುವವಳು ಅವಳೊಬ್ಬಳೇ. ನಾಲ್ಕನೆಯ ಇಯತ್ತೆಯವರೆಗೆ ನನ್ನ ವಿದ್ಯಾರ್ಥಿನಿ. ಈಗ ದೇವಿಕೊಪ್ಪದ ಈ ಕೊಟ್ಟಿಗೆಯಲ್ಲಿ ಸಗಣಿ ಬಳಿಯುವುದರಿಂದ ಹಿಡಿದು ಔಷಧ ಕುಡಿಸುವವರೆಗೆ ಎಲ್ಲವೂ ಅವಳದೇ.

ಮೈಲಾರಿ ನಮ್ಮಲ್ಲಿಗೆ ಬಂದಾಗ ಕೋಡಿನೊಳಗೆ ಅರ್ಬುದ. ಸಾಕಿದವರು ಕಲಘಟಗಿ ಸಂತೆಯಲ್ಲಿ ಬಿಟ್ಟು ಹೋಗಿದ್ದರು. ಹುಬ್ಬಳ್ಳಿಯ ದಾನಿಗಳು ಶಸ್ತ್ರಕ್ರಿಯೆಯ ಭಾರ ಹೊತ್ತರು, ಕೋಡು ಹೋಯಿತು, ಜೀವ ಉಳಿಯಿತು. ರವಿವಾರ ಅವರೇ ನೋಡಲು ಬರುತ್ತಾರೆ. ಮನಸ್ಸಿಗೆ ಬಂದರೆ ಇಲ್ಲಿಯೇ ಶಸ್ತ್ರಕ್ರಿಯೆಗೊಂದು ಕೋಣೆ ಕಟ್ಟಿಸಿಕೊಡುವ ಮಾತಿದೆ. ಅಂಗಳಕ್ಕೆ ಸುಣ್ಣ ಹೊಡೆಸಬೇಕು.

ನಾಳೆಯಿಂದ ಹಸನಬಿಗೆ ರಮಜಾನಿನ ರೋಜಾ, ಹಗಲಿಡೀ ನೀರೂ ಇಲ್ಲದ ಉಪವಾಸ. ಮಧ್ಯಾಹ್ನದ ಕೆಲಸ ಕಡಿಮೆ ಮಾಡುತ್ತೇನೆಂದೆ. ಒಪ್ಪಲಿಲ್ಲ.

ಫೆಬ್ರುವರಿ 20, ಶುಕ್ರವಾರ

ಮೈಲಾರಿ ಬೆಳಗಿನಿಂದ ಮೇವು ಮುಟ್ಟಿಲ್ಲ. ಬಾಯಿಂದ ಜೊಲ್ಲು ಒಂದೇ ಸಮನೆ ಇಳಿಯುತ್ತಿದೆ. ಕತ್ತು ಚಾಚಿ ಕೂಗುತ್ತಾನೆ — ದನಿ ಒಡೆದಿದೆ. ನೀರಿಗೆ ಬಾಯಿ ಹಾಕುತ್ತಾನೆ, ನುಂಗಲಾಗುವುದಿಲ್ಲ, ಮೂಗಿನಿಂದ ವಾಪಸು ಬರುತ್ತದೆ.

ಗಂಟಲಲ್ಲಿ ಏನೋ ಸಿಕ್ಕಿದೆ. ನಿನ್ನೆ ಯಾರೋ ಕಾಳು ಬಿಡಿಸಿದ ಗೋವಿನಜೋಳದ ತೆನೆಗಳನ್ನು ತಂದು ಸುರಿದಿದ್ದರು. ಚಿಕ್ಕಂದಿನಲ್ಲಿ ನಮ್ಮ ಮನೆಯ ಎಮ್ಮೆಗೂ ಹೀಗೇ ಆಗಿತ್ತು, ಅಪ್ಪ ಕೈ ಹಾಕಿ ತೆಗೆದಿದ್ದರು. ಪಶುವೈದ್ಯ ಫಕೀರೇಶ ಡಾಕ್ಟರಿಗೆ ಫೋನು ಮಾಡಿದೆ. ಹತ್ತಲಿಲ್ಲ. ಮತ್ತೆ ಮಾಡುವ ಸಹನೆ ಇರಲಿಲ್ಲ.

ಮೊದಲು ನಾನೇ ಕೈ ಹಾಕಿದೆ. ನಾಲಿಗೆಯ ಬುಡದಿಂದ ಆಚೆ ನನ್ನ ಕೈ ಮುಟ್ಟಲಿಲ್ಲ. ಹಸನಬಿಯ ತೋಳು ಉದ್ದ. ನೀನು ನೋಡು ಎಂದೆ. ಡಾಕ್ಟರು ಬರುವ ತನಕ ತಡೆಯೋಣವೆಂದಳು. ನಾನಿಲ್ಲಿ ಇದ್ದೇನಲ್ಲ ಎಂದೆ — ತರಗತಿಯ ದನಿಯಲ್ಲಿಯೇ ಎಂದೆನೇನೋ. ತೋಳಿನ ಬಟ್ಟೆ ಮಡಚಿ ಕೈಯನ್ನು ಮೊಣಕೈವರೆಗೆ ಹಾಕಿದಳು. ತಡಕಿದಳು.

"ಏನೂ ಇಲ್ರಿ ಅಕ್ಕೋರ. ಗಂಟಲ ಖಾಲಿ ಐತಿ."

ಸರಿಯಾಗಿ ನೋಡು ಎಂದೆ. ಆಗ ಎತ್ತು ದವಡೆ ಮುಚ್ಚಿತು. ಕೈ ಹೊರಬಂದಾಗ ಮುಂಗೈ ಮೇಲೆ ಒಂದು ಗೀರು. ಎಳೆಯಷ್ಟು ರಕ್ತ. ದನ ನೀರು ಕುಡಿಯುವ ಬಾನಿಯ ನೀರಿನಲ್ಲಿ ತೊಳೆದು ಅರಿಶಿನ ಹಚ್ಚಿದಳು.

ಗಂಟಲಲ್ಲಿ ಏನೂ ಇಲ್ಲದಿದ್ದರೆ ಮತ್ತೇನು?

ಫೆಬ್ರುವರಿ 22, ರವಿವಾರ

ಅಕ್ಷರ ಕೆಡುತ್ತಿದೆ. ಆದರೂ ಕ್ರಮವಾಗಿ ಬರೆಯಬೇಕು.

ಹುಬ್ಬಳ್ಳಿಯಿಂದ ಶೈಲಾಬಾಯಿಯವರು ಮತ್ತು ಉಳಿದ ದಾನಿಗಳು ಬಂದಿಳಿದ ಸ್ವಲ್ಪ ಹೊತ್ತಿಗೆ, ನಿನ್ನೆ ಕಡೆಗೂ ಫೋನಿಗೆ ಸಿಕ್ಕಿದ್ದ ಫಕೀರೇಶ ಡಾಕ್ಟರು ಬಂದರು. ಸದಾ ನೇರವಾಗಿ ಹೋಗಿ ಬೆನ್ನು ತಟ್ಟುವ ಮನುಷ್ಯ, ಇಂದು ಹಗ್ಗದ ಈಚೆಗೇ ನಿಂತರು. ಬಹಳ ಹೊತ್ತು ನೋಡಿದರು. ಎಲ್ಲರನ್ನೂ ಹಿಂದಕ್ಕೆ ಸರಿಸಿದರು.

"ಗಂಟಲಾಗ ಏನೂ ಸಿಕ್ಕಿಲ್ರಿ ಅಕ್ಕೋರ. ಗಂಟಲಕ್ಕ ಲಕ್ವಾ ಹೊಡದೈತಿ. ಬಾಯಾಗ ಯಾರ‍್ಯಾರು ಕೈ ಹಾಕೀರಿ?"

ಹುಚ್ಚುನಾಯಿ ರೋಗದ ಸಂಶಯ. ಸಂತೆಯಲ್ಲಿ ತಿರುಗುವಾಗಲೇ ಯಾವುದೋ ನಾಯಿ ಕಚ್ಚಿರಬೇಕು, ತಿಂಗಳುಗಟ್ಟಲೆ ಒಳಗೇ ಕೂತು ಈಗ ಎದ್ದಿದೆ ಎಂದರು. ವಿಷವಿರುವುದು ಜೊಲ್ಲಿನಲ್ಲಿ. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಹಳ್ಳಿಹಳ್ಳಿಯಲ್ಲಿ ಜನ ಮಾಡುವ ತಪ್ಪು ಇದೇ ಎಂದರು. ಮನುಷ್ಯನಲ್ಲಿ ರೋಗ ಕಾಣಿಸಿಕೊಂಡ ಮೇಲೆ ಔಷಧವಿಲ್ಲ. ಕಾಣಿಸಿಕೊಳ್ಳುವ ಮೊದಲು ಇಂಜೆಕ್ಷನ್ನು ಒಂದೇ ದಾರಿ.

ಶೈಲಾಬಾಯಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೂಲಿಯ ಹೆಣ್ಣುಮಗಳ ಕೈಯನ್ನು ಒತ್ತಾಯದಿಂದ ಎತ್ತಿನ ಬಾಯಿಗೆ ಹಾಕಿಸಿದೆನೆಂದು ಅವರೆದುರು ಹೇಳುವುದು ನನ್ನಿಂದಾಗಲಿಲ್ಲ.

"ನಾನೊಬ್ಬಳೇ" ಎಂದೆ.

ಹಸನಬಿ ನನ್ನ ಪಕ್ಕದಲ್ಲಿಯೇ ಇದ್ದಳು. ತೋಳಿನ ಬಟ್ಟೆಯನ್ನು ಮೆಲ್ಲಗೆ ಮಣಿಕಟ್ಟಿನವರೆಗೆ ಎಳೆದುಕೊಂಡಳು.

ಸಂಜೆ ಕಲಘಟಗಿಯ ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ನು ಹಾಕಿಸಿಕೊಂಡೆ. ನನ್ನ ಕೈಯಲ್ಲಿ ಗಾಯವಿರಲಿಲ್ಲ. ಹೊರಡುವ ಮುನ್ನ ಹಸನಬಿಯನ್ನು ಹಿತ್ತಿಲಿಗೆ ಕರೆದು, ನಾಳೆ ಮೊದಲ ಬಸ್ಸಿಗೆ ಹೋಗಿ ನೀನೂ ಹಾಕಿಸಿಕೊಳ್ಳಬೇಕೆಂದು ಹೇಳಿದೆ. "ಆತ್ರಿ" ಎಂದಳು.

ಫೆಬ್ರುವರಿ 24, ಮಂಗಳವಾರ

ಮೈಲಾರಿ ಹೋದ. ಕೊನೆಯಲ್ಲಿ ಕಾಲು ಎಳೆಯುತ್ತ ಗೋಡೆಗೆ ಹಾಯುತ್ತಿದ್ದ. ನಾನು ಹತ್ತಿರ ಹೋಗಲಿಲ್ಲ. ಹೋಗಲು ಬಿಡಲಿಲ್ಲ ಎಂದು ಬರೆಯಬಹುದಿತ್ತು — ಆದರೆ ಹೆದರಿದೆ. ಡಾಕ್ಟರು ಪರೀಕ್ಷೆಗೆ ಬೇಕಾದದ್ದನ್ನು ತೆಗೆದು ಕಳಿಸಿದರು. ಆಳವಾದ ಗುಂಡಿ, ಸುಣ್ಣ.

ಹಸನಬಿಯನ್ನು ಇಂಜೆಕ್ಷನ್ನಿನ ಬಗ್ಗೆ ಕೇಳಿದೆ. ಅದರ ಚಿಂತೆ ನೀವು ಬಿಡಿ ಎಂದಳು. ಬಿಟ್ಟೆ.

ಫೆಬ್ರುವರಿ 25, ಬುಧವಾರ

ಎರಡನೆಯ ಇಂಜೆಕ್ಷನ್ನು ಆಯಿತು.

ಎದ್ದ ಕೂಡಲೇ ಒಂದು ಲೋಟ ನೀರು ಕುಡಿದು ನೋಡುತ್ತೇನೆ. ಗುಟುಕು ಇಳಿದರೆ ಆ ದಿನ ನನ್ನದು. ಇಂದು ಗುಟುಕು ಅಡ್ಡ ಹೋಯಿತು, ಕೆಮ್ಮು ಬಂತು. ಅಡುಗೆಮನೆಯ ಗೋಡೆ ಹಿಡಿದು ನಿಂತೆ. ಅಡ್ಡ ಹೋದದ್ದು ಅಷ್ಟೇ. ಅಷ್ಟೇ ಎಂದು ನನಗೆ ನಾನೇ ಜೋರಾಗಿ ಹೇಳಿಕೊಂಡೆ.

ಫೆಬ್ರುವರಿ 27, ಶುಕ್ರವಾರ

ವರದಿ ಬಂತು. ಸಂಶಯ ನಿಜ.

ಶೈಲಾಬಾಯಿಯವರಿಗೆ ಡಾಕ್ಟರೇ ತಿಳಿಸಿದರಂತೆ. ಅವರು ಫೋನು ಮಾಡಿದರು. ನಿಮ್ಮ ಧೈರ್ಯ ದೊಡ್ಡದು, ಒಬ್ಬರೇ ಅಪಾಯವನ್ನು ಮೈಮೇಲೆ ಎಳೆದುಕೊಂಡಿರಿ ಎಂದರು. ಕೋಣೆ ಕಟ್ಟಿಸುವುದು ಖಚಿತವಂತೆ. ಅವರ ಮಾತು ಮುಗಿಯುವ ಮೊದಲೇ ನಾನು ಫೋನು ಕೆಳಗಿಟ್ಟೆ. ಲೈನು ಹೋಯಿತೆಂದು ತಿಳಿದುಕೊಂಡಿರಬೇಕು.

ಮಾರ್ಚ್ 1, ರವಿವಾರ

ಮೂರನೆಯ ಇಂಜೆಕ್ಷನ್ನಿಗೆ ಹೋದೆ. ಹಸನಬಿ ಈ ಹೊತ್ತಿಗೆ ಎರಡು ಸಲವಾದರೂ ಬಂದಿರಬೇಕಲ್ಲ, ನೋವು ಹೆಚ್ಚಾಗಿತ್ತೇ ಎಂದು ನರ್ಸ್ ಮಂಜುಳಾಳನ್ನು ಸುಮ್ಮನೆ ವಿಚಾರಿಸಿದೆ. ಅವಳೂ ನನ್ನ ವಿದ್ಯಾರ್ಥಿನಿಯೇ.

"ದೇವಿಕೊಪ್ಪದಿಂದ ನೀವೊಬ್ರ ಬಂದೀರಲ್ರಿ ಅಕ್ಕೋರ. ಮತ್ತ್ಯಾರೂ ಬಂದಿಲ್ರಿ."

ಸೂಜಿ ಚುಚ್ಚಿದ್ದು ತಿಳಿಯಲಿಲ್ಲ. ಅಲ್ಲಿಂದಲೇ ಗಾಡಿ ಗೊತ್ತು ಮಾಡಿಕೊಂಡು ಬಂದೆ. ಹಸನಬಿ ಆಸರೆಯಲ್ಲಿ ಕುಂಟ ಆಡಿನ ಗೊರಸು ತೊಳೆಯುತ್ತಿದ್ದಳು. ಎಲ್ಲರೆದುರಿಗೇ ಅವಳ ತೋಳಿನ ಬಟ್ಟೆ ಸರಿಸಿದೆ. ಗೀರು ಮಾಸಿ ಕಂದು ಗೆರೆಯಾಗಿತ್ತು. ಯಾಕೆ ಹೋಗಲಿಲ್ಲವೆಂದು ಕೇಳಿದೆ. ರೋಜಾ ಎಂದು ತಡೆದೆಯಾ ಎಂದೂ ಕೇಳಿದೆ.

"ಸೂಜಿಗೆ ರೋಜಾ ಮುರಿಯೂದಿಲ್ರಿ, ಅಷ್ಟು ನನಗೂ ಗೊತ್ತೈತಿ." ಆಡಿನ ಕಾಲನ್ನು ಒರೆಸಿ ಕೆಳಗಿಟ್ಟಳು. "ಡಾಕ್ಟರ ಮುಂದ, ಆ ದೊಡ್ಡ ಮಂದಿ ಮುಂದ, ನಾನೊಬ್ಬಾಕೀನ ಅಂದ್ರಿ ನೀವು. ನಾ ಹೋಗಿ ಕೈ ತೋರಿಸಿದ್ರ ಊರಾಗ ಏನಂತಾರ‍್ರಿ? ಅಕ್ಕೋರು ಸುಳ್ಳ ಹೇಳ್ಯಾರ ಅಂತಾರ. ಇಷ್ಟ ವರ್ಷದಾಗ ಯಾರೂ ಅಂದಿಲ್ಲ ಆ ಮಾತು."

ನಾನು ಅಲ್ಲಿಯೇ ಬಾನಿಯ ಕಟ್ಟೆಯ ಮೇಲೆ ಕುಳಿತೆ. ಅವಳೇ ನನ್ನನ್ನು ಎಬ್ಬಿಸಿದಳು.

ಮೊದಲ ಇಂಜೆಕ್ಷನ್ನಿನ ಜೊತೆಗೆ, ಗಾಯವಾದವರಿಗೆ ಕೊಡುವ ಸೀರಮ್ಮು ಎಂಬ ಇನ್ನೊಂದೂ ಬೇಕಿತ್ತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಗೀರಿನ ಸುತ್ತ ಚುಚ್ಚಿ ಚುಚ್ಚಿ ಹಾಕಿದರು. ಅವಳು ಹಲ್ಲು ಕಚ್ಚಿ ನನ್ನ ಸೆರಗು ಹಿಡಿದಿದ್ದಳು. ಕಚ್ಚಿಸಿಕೊಂಡದ್ದು ಹೇಗೆಂದು ಡಾಕ್ಟರು ಕೇಳಿದರು. ಎತ್ತಿನ ಬಾಯಿಗೆ ಕೈಯನ್ನು ನಾನು ಹಾಕಿಸಿದೆ, ಆಕೆ ಬೇಡವೆಂದಳು, ಕೇಳಿದವರಿಗೆ ನಾನು ಸುಳ್ಳು ಹೇಳಿದೆ ಎಂದೆ. ಅವರು ತಲೆಯೆತ್ತಿ ನೋಡಿದರು, ಚೀಟಿಯಲ್ಲಿ ಬರೆದುಕೊಂಡರು.

ಸೋಪು ಹಚ್ಚಿ ಬಹಳ ಹೊತ್ತು ತೊಳೆಯಬೇಕಿತ್ತಂತೆ. ಅರಿಶಿನ ಹಚ್ಚಬಾರದಿತ್ತಂತೆ. ಅಂದೇ ಬರಬೇಕಿತ್ತು. ಈಗಲೂ ಕೊಡುವುದೇ ಸರಿ, ಆದರೆ ತಡವಾದದ್ದು ತಡವೇ. ಉಳಿದ ಇಂಜೆಕ್ಷನ್ನು ತಪ್ಪಿಸಬೇಡಿ, ಗಾಯದ ಜಾಗದಲ್ಲಿ ಜುಮುಗುಟ್ಟಿದರೆ, ಜ್ವರ ಬಂದರೆ, ನೀರು ಕುಡಿಯಲಾಗದಿದ್ದರೆ ಆ ಕ್ಷಣವೇ ಬನ್ನಿ ಎಂದರು. ಬಂದರೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಫಕೀರೇಶ ಡಾಕ್ಟರು ಮೊದಲೇ ಹೇಳಿದ್ದರು.

ಮಾರ್ಚ್ 2, ಸೋಮವಾರ

ಶೈಲಾಬಾಯಿಯವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಆ ಹೆಣ್ಣುಮಗಳ ಚಿಕಿತ್ಸೆಗೆ ಏನು ಬೇಕೋ ಕೇಳಿ ಎಂದರು. ಕೋಣೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ 4, ಬುಧವಾರ

ಹಸನಬಿಗೆ ಎರಡನೆಯದು ಆಯಿತು. ಬಸ್ಸಿನಲ್ಲಿ ನಿದ್ದೆ ಹೋದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಉಗುಳು ನುಂಗಿದಾಗ ಗಂಟಲು ಏರಿ ಇಳಿಯುತ್ತದೆ. ಇಷ್ಟು ದಿನ ಇದನ್ನು ನಾನು ಯಾರಲ್ಲಿಯೂ ಗಮನಿಸಿರಲಿಲ್ಲ.

ಮಾರ್ಚ್ 8, ರವಿವಾರ

ಮೂರನೆಯದು ಆಯಿತು. ಚೆನ್ನಾಗಿದ್ದಾಳೆ. ನನ್ನನ್ನು ಗದರಿದಳು — ಪರೀಕ್ಷೆಯ ದಿನ ಕಾಪಿ ಹಿಡಿಯುವಂತೆ ದಿಟ್ಟಿಸಬೇಡಿರೆಂದು.

ಮಾರ್ಚ್ 12, ಗುರುವಾರ. ಬೆಳಿಗ್ಗೆ

ಹಸನಬಿ ಕೆಲಸಕ್ಕೆ ಬಂದಿಲ್ಲ. ಸೊಸೆ ರುಬಿಯಾ ಬಂದು ಹೇಳಿ ಹೋದಳು: ಅತ್ತೆಗೆ ರಾತ್ರಿಯಿಂದ ಮೈ ಬೆಚ್ಚಗಿದೆ. ಕೈ ಜುಮುಜುಮು ಎನ್ನುತ್ತಿದೆಯಂತೆ.

ಯಾವ ಕೈ ಎಂದು ಕೇಳಿದೆ. ರುಬಿಯಾ ತನ್ನ ಬಲ ಮುಂಗೈ ಮುಟ್ಟಿ ತೋರಿಸಿದಳು.

ಮಧ್ಯಾಹ್ನ

ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಸಿಕ್ಕಿತು. ಸೀರಮ್ಮು ಹಾಕಿದ ಜಾಗ ಹಾಗೆ ಜುಮುಗುಟ್ಟುವುದುಂಟು, ಇಂಜೆಕ್ಷನ್ನಿನಿಂದ ಜ್ವರವೂ ಬರುವುದುಂಟು. ಹಾಗೆಯೇ ಇರಬಹುದು. ನೀರು ಕುಡಿಯುತ್ತಾಳೋ ನೋಡಿ ಎಂದರು. ಕುಡಿಯದಿದ್ದರೆ ಕೂಡಲೇ ಕರೆತನ್ನಿ.

ಅವಳ ಮನೆಗೆ ಹೋದೆ. ನೀರು ಕುಡಿ ಎಂದೆ. ಜ್ವರವಿದ್ದವರು ರೋಜಾ ಬಿಡಬಹುದಲ್ಲ ಎಂದೂ ಹೇಳಿದೆ. ರುಬಿಯಾ ಕೂಡ ಹೇಳಿ ಸಾಕಾಗಿದ್ದಳು.

"ಇಷ್ಟ ಜ್ವರಕ್ಕ ಯಾರರ ಬಿಡ್ತಾರೇನ್ರಿ. ಸಂಜಿತನ ತಡೀರಿ."

ಬೆಳಗಿನ ಜಾವ ಊಟಕ್ಕೆ ಎದ್ದಿದ್ದೆಯಾ, ಆಗ ನೀರು ಕುಡಿದೆಯಾ ಎಂದು ಕೇಳಿದೆ. ಎದ್ದಿರಲಿಲ್ಲವಂತೆ. ನಿದ್ದೆ ಹತ್ತಿತ್ತಂತೆ. ಹಾಗಾದರೆ ನಿನ್ನೆ ರಾತ್ರಿಯಿಂದ ಅವಳು ನೀರು ಕುಡಿದದ್ದನ್ನು ಕಂಡವರಿಲ್ಲ.

ರೋಜಾದ ಕಾರಣಕ್ಕೆ ಕುಡಿಯುತ್ತಿಲ್ಲವೋ, ರೋಜಾದ ಹೆಸರು ಹೇಳಿ...

ಒತ್ತಾಯಿಸಲಿಲ್ಲ. ಒಮ್ಮೆ ಒತ್ತಾಯಿಸಿದ್ದೇನೆ.

ಸಂಜೆ. ಹಸನಬಿಯ ಮನೆಯ ಕಟ್ಟೆ

ಗಾಡಿ ಹೇಳಿ ಓಣಿಯ ಬಾಯಲ್ಲಿ ನಿಲ್ಲಿಸಿದ್ದೇನೆ. ಯಾಕೆಂದು ಯಾರಿಗೂ ಹೇಳಿಲ್ಲ. ಸುಮ್ಮನೆ ಕುಳಿತರೆ ಅವಳನ್ನೇ ದಿಟ್ಟಿಸುತ್ತಿರುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ.

ರುಬಿಯಾ ಚಾಪೆ ಹಾಸಿದಳು. ಖರ್ಜೂರ, ಹೆಚ್ಚಿದ ಕಲ್ಲಂಗಡಿ, ಭಜಿ. ಹಸನಬಿ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದು ಗೋಡೆಗೊರಗಿ ಕುಳಿತಳು. ಕಣ್ಣು ಕೆಂಪಾಗಿವೆ. ಜ್ವರಕ್ಕೋ? ಗಾಳಿ ಬೀಸಿದಾಗ ಮುಖ ಆಚೆ ತಿರುಗಿಸಿದಳು. ಈ ರೋಗದವರು ಗಾಳಿಗೂ ಬೆದರುತ್ತಾರಂತೆ. ಇಲ್ಲ, ಓಣಿಯ ಧೂಳಿಗೋ?

ಏನು ಬರೆಯುತ್ತಿದ್ದೀರೆಂದು ಕೇಳಿದಳು. ಈ ದಿನದ್ದು ಎಂದೆ.

"ನಂದೂ ಬರ‍್ಯಾಕತ್ತೀರೇನ್ರಿ? ಹಂಗಾದ್ರ ಖರೇ ಖರೇ ಬರೀರಿ ಅಕ್ಕೋರ."

ದನಿ ಒಡೆದಿದೆ. ಇಡೀ ದಿನ ನೀರಿಲ್ಲದವರ ದನಿ ಒಡೆಯುತ್ತದೆ. ಒಡೆಯುತ್ತದೆ ತಾನೆ?

ರುಬಿಯಾ ಎರಡು ಗ್ಲಾಸು ನೀರು ತಂದಿಟ್ಟಳು. ಹಸನಬಿ ಒಂದನ್ನು ನನ್ನತ್ತ ಸರಿಸಿದಳು. ಮುಂಜಾನೆಯಿಂದ ನೀವೂ ಬಾಯಿಗೆ ಏನೂ ಹಾಕಿಲ್ಲ, ಮುಖ ನೋಡಿದರೇ ತಿಳಿಯುತ್ತದೆ ಎಂದಳು. ಇನ್ನೊಂದು ಗ್ಲಾಸು ಅವಳ ಮುಂದೆಯೇ ಇದೆ. ಅವಳು ಅದನ್ನು ನೋಡುತ್ತಿಲ್ಲ. ಮಸೀದಿಯ ಕಡೆಗೆ ಕಿವಿಗೊಟ್ಟು ಕುಳಿತಿದ್ದಾಳೆ.

ಬೆಳಕು ಇಳಿಯಿತು. ಅಜಾನ್ ಕೂಗಿತು. ಖರ್ಜೂರ ಎತ್ತಿಕೊಂಡಳು, ಬಾಯಿಗಿಟ್ಟಳು, ನಿಧಾನವಾಗಿ ಅಗಿಯುತ್ತಿದ್ದಾಳೆ. ಈಗ ಗ್ಲಾಸಿಗೆ ಕೈ ಚಾಚಿದಳು. ಬರೆಯುವುದನ್ನು ನಿಲ್ಲಿಸಿ ಅವಳ ಗಂಟಲನ್ನು ನೋಡುತ್ತೇನೆ.