ಕೇಳೋರಿಗೂ ಒಂದು ಟ್ಯಾಗ್

ಸುಹಾಸಿನಿ,

ಹತ್ತಿ ಬಿಡಿಸಾಕ ಹೊಂಟೀನಿ, ಊರಮ್ಮ ಅತ್ತಿನೂ ಬರ್ತಾಳ. ರೊಟ್ಟಿ ಬುಟ್ಟ್ಯಾಗ ಐತಿ, ಉಂಡು ಬರಿಯಾಕ ಕುಂದ್ರು.

ನಿನ್ನಿ ಹೊಲದಾಗ ಬುತ್ತಿ ಉಣ್ಣೋವಾಗ ಎಲ್ಲಾರಿಗೂ ಕೇಳೋಹಂಗ ನಿನ್ನ ಧಾರಾವಾಹಿ ಫೋನ್‌ನಾಗ ಓದ್ತಿದ್ದೆ. ಕೂಸು ಬಾವ್ಯಾಗ ಬೀಳ್ತೈತಂತ ನನಗೇನು ಗೊತ್ತು? ಅತ್ತಿ ಮಗಳು ಸತ್ತಿದ್ದೂ ಬಾವ್ಯಾಗ ಬಿದ್ದ ಅಲ್ಲೇನು? ಆಕಿ ಎದುರಿಗೇ ಓದಿಬಿಟ್ಟೆ.

ಕಂತಿನಾಗ ಇಂಥಾ ನೋವಿನ ಸಂಗತಿ ಐತಂತ ಮೊದ್ಲ ಎಚ್ಚರಿಕೆ ಟ್ಯಾಗ್ ಹಾಕಿದ್ರ ಕುತೂಹಲ ಕೆಡ್ತೈತಿ ಅಂತಿ. ಓದೋರು ಬ್ಯಾಡಂದ್ರ ಬಿಟ್ಟಾರು, ಕುಂತು ಕೇಳೋರು ಏನು ಮಾಡಬೇಕು? ಇವತ್ತಿನ ಕಂತಿಗೆ ಹಾಕು. ಕಡೀಗಲ್ಲ, ಮೊದ್ಲ ಸಾಲಿಗೇ.

ಅತ್ತಿ ಅಳಲಿಲ್ಲ. ಈಗ ಬುತ್ತಿ ಕಟ್ಟೋವಾಗ ಕೇಳಿದ್ಲು: "ಆ ಕೂಸು ಉಳೀತೈತೇನು? ಅದನ್ನ ಮೊದ್ಲ ಹೇಳು, ಆಮ್ಯಾಲ ಓದು."

ಏನು ಹೇಳ್ಲಿ ಆಕಿಗೆ? ಬುತ್ತಿ ಬಿಚ್ಚೋದ್ರೊಳಗ ಫೋನ್ ಮಾಡು.

ಅಕ್ಕ ಮಲ್ಲೇಶ್ವರಿ