ಅತ್ತೆಯ ಕೋಟಿನ ಪಿನ್ನು

ಜನವರಿ 9, ಶುಕ್ರವಾರ

ಮತ್ತೆ ಪಾಪ್‌ಕಾರ್ನ್ ಶುಕ್ರವಾರ, ಸಂಘದ ಖರ್ಚಿಗೆಂದು ಶಾಲೆಯಲ್ಲಿ ಪಾಪ್‌ಕಾರ್ನ್ ಮಾರುವ ದಿನ. ತಲೆ ತೊಳೆದರೂ ಎಣ್ಣೆ ವಾಸನೆ ಹೋಗಿಲ್ಲ. ಯಂತ್ರ ಉಜ್ಜುತ್ತಿದ್ದಾಗ ಕಾರ್ಯದರ್ಶಿ ಗ್ವೆನ್ ಕೇಳಿದಳು — ನಮ್ಮ ಶಾಲೆಯ ಪೋಷಕರ ಸಂಘ ರಾಷ್ಟ್ರೀಯ ಸಂಘ ಬಿಟ್ಟು ಸ್ವತಂತ್ರವಾಗಲಿ, ಫೆಬ್ರವರಿ ಸಭೆಯಲ್ಲಿ ಮತಕ್ಕೆ ಹಾಕೋಣವೇ ಎಂದು. ಹಾಕೋಣ ಅಂದೆ. ಅಧ್ಯಕ್ಷೆ ನಾನೇ ತಾನೆ. ಅಂಗಳದಲ್ಲಿ ಮಕ್ಕಳು ಜಾರಾಡುವ ಐಸ್ ರಿಂಕ್‌ಗೆ ಹಲಗೆ ಹೊಡೆಸಬೇಕೆಂದರೂ ಎಲ್ಲೋ ಕೂತವರ ನಿಯಮ ತಿರುವಿ ನೋಡಬೇಕು. ಸಾಕಾಗಿದೆ. ನಮ್ಮ ಮನೆ ನಾವೇ ನಡೆಸಿಕೊಳ್ಳೋಣ.

ಆದರೆ ಐಲಿ ಅತ್ತೆ... ನನ್ನ ಗಂಡ ಇದೇ ಶಾಲೆಯಲ್ಲಿ ಓದುವಾಗ ಅವರೇ ಅಧ್ಯಕ್ಷೆ. ರಾಷ್ಟ್ರೀಯ ಸಂಘ ಕೊಟ್ಟ ಆಜೀವ ಗೌರವದ ಪಿನ್ನು ಕೋಟಿನ ಕಾಲರಿನಲ್ಲಿ. ಕೋಟು ಎಷ್ಟೋ ಬದಲಾಯಿತು, ಪಿನ್ನು ಅದೇ.

ಜನವರಿ 14

ಹಿಮ ಬೀಳುತ್ತಲೇ ಇದೆ. ಬೆಳಗಿನ ಜಾವ ಕನಸು — ಕಟ್ಟಿದ್ದ ಹಗ್ಗ ಕಳಚಿ, ದೀಪಗಳೆಲ್ಲ ಉರಿಯುತ್ತಿರುವಂತೆಯೇ ಶಾಲೆ ಸರೋವರದ ಮೇಲೆ ತೇಲಿ ಹೋಗುತ್ತಿದೆ. ಕಿಟಕಿಗಳಲ್ಲಿ ಮಕ್ಕಳು ಕೈ ಬೀಸುತ್ತಿದ್ದಾರೆ. ಭಯವೇ ಆಗಲಿಲ್ಲ. ಹಾಯೆನಿಸಿತು. ದಂಡೆಯಲ್ಲಿ ಯಾರೋ ನಿಂತಿದ್ದರು, ಮುಖ ಕಾಣಲಿಲ್ಲ.

ಮಧ್ಯಾಹ್ನ ಅತ್ತೆ ಏಲಕ್ಕಿ ಬ್ರೆಡ್ಡು ತಂದರು. ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ಬಸ್ಸಿನಲ್ಲಿ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ವರೆಗೆ ಹೋಗಿ ಮಕ್ಕಳ ಬಿಸಿಯೂಟಕ್ಕೆ ಜಗಳವಾಡಿದ್ದನ್ನು ಹೇಳಿದರು. ನೂರನೇ ಸಲ.

"ಸೌನಾ ಹಬೆಮನೆ ಒಲೆಗೆ ಒಂದೇ ಸೌದೆ ಇಟ್ರೆ ಉರಿಯುತ್ತೇನೇ, ರೆನೆ?"

"ನಮ್ಮ ಒಲೆ ಚಿಕ್ಕದು ಅತ್ತೆ."

"ಚಿಕ್ಕದಾದ್ರೆ ಬೇಗ ಆರುತ್ತೆ ಕಣೇ."

ಬ್ರೆಡ್ಡು ಮಾತ್ರ ಎಂದಿನಂತೆ ಚೆನ್ನಾಗಿತ್ತು.

ಜನವರಿ 30

ಗ್ವೆನ್ ಫೋನು. ಅತ್ತೆ ಈ ವರ್ಷ ಸದಸ್ಯತ್ವದ ಕಾರ್ಡು ಮಾಡಿಸಿಯೇ ಇಲ್ಲವಂತೆ. ಪಿನ್ನು ಇರುವವರೆಲ್ಲ ಮಾಡುವ ತಪ್ಪು — ಆಜೀವ ಅಂದರೆ ಆಜೀವ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಬರೀ ಗೌರವ. ಮತ ಹಾಕಲು ಪ್ರತಿ ಶರತ್ಕಾಲ ಹೊಸ ಕಾರ್ಡು ಬೇಕು. ಈಗ ಮಾಡಿಸಿದರೂ ಮತದ ಹಕ್ಕು ಬರಲು ತಿಂಗಳು ಕಳೆಯಬೇಕು.

"ನೀನೇ ಹೇಳ್ಬಿಡು. ನಿನ್ನತ್ತೆ," ಅಂದಳು.

ನಾಳೆ ಹೇಳುತ್ತೇನೆ.

ಫೆಬ್ರವರಿ 12, ಸಭೆ ಮುಗಿಸಿ ಬಂದು

ಹೇಳಿರಲಿಲ್ಲ.

ಶಾಲೆಯ ಜಿಮ್ ಹಾಲಿನ ತುಂಬಾ ಒದ್ದೆ ಬೂಟುಗಳ ವಾಸನೆ. ಸ್ವತಂತ್ರವಾಗಲು ಮೂರರಲ್ಲಿ ಎರಡು ಪಾಲು ಮತ ಬೇಕು. ಬೇಕು ಎಂದವರ ಕೈಗಳು ಎದ್ದವು, ಇಳಿದವು. ಬೇಡ ಎಂದವರ ಸರದಿ. ಮುಂದಿನ ಸಾಲಿನಲ್ಲಿ ಅತ್ತೆ ಕೈಗವಸು ಕಳಚಿ ಮಡಿಲಲ್ಲಿಟ್ಟು ಕೈ ಎತ್ತಿದರು. ಗ್ವೆನ್ ಎಣಿಸಿ ನನ್ನತ್ತ ನೋಡಿದಳು. ಆ ಒಂದು ಕೈ ಸೇರಿದರೆ ಸೋತೆವು, ಬಿಟ್ಟರೆ ಗೆದ್ದೆವು.

ದೀಪಗಳು ತೇಲುತ್ತಿದ್ದಂತಿತ್ತು. ನನ್ನದೇ ದನಿ ದೂರದಿಂದ ಕೇಳಿತು.

"ಅತ್ತೆ, ನಿಮ್ಮ ಕೈ ಲೆಕ್ಕಕ್ಕೆ ಬರಲ್ಲ. ಈ ವರ್ಷದ ಕಾರ್ಡಿಲ್ಲ."

ಅವರು ಕೈ ಇಳಿಸಲೇ ಇಲ್ಲ, ಸ್ವಲ್ಪ ಹೊತ್ತು. ಆಮೇಲೆ ಇಳಿಸಿ ಕೈಗವಸು ಹಾಕಿಕೊಂಡರು. ಒಂದೊಂದೇ ಬೆರಳು.

"ನಿನಗೆ ಮೊದಲೇ ಗೊತ್ತಿತ್ತಾ?"

ಹೂಂ ಅಂದೆ. ಗ್ವೆನ್ ಫಲಿತಾಂಶ ಓದಿದಳು, ಚಪ್ಪಾಳೆ ಬಿತ್ತು. ನಾಚಿಕೆಯಾಯಿತು. ಖುಷಿಯೂ ಆಯಿತು, ಅದಕ್ಕೇ ಇನ್ನಷ್ಟು ನಾಚಿಕೆ.

ಫೆಬ್ರವರಿ 20, ಶುಕ್ರವಾರ

ವಾರವಿಡೀ ಅತ್ತೆ ಫೋನು ಎತ್ತಲಿಲ್ಲ. ಏಲಕ್ಕಿ ಬ್ರೆಡ್ಡೂ ಇಲ್ಲ. ಕನಸಿನ ದಂಡೆಯಲ್ಲಿ ನಿಂತವರು ಯಾರೆಂದು ಈಗ ಗೊತ್ತು.

ಇವತ್ತು ಪಾಪ್‌ಕಾರ್ನ್ ಕೋಣೆಯ ಬಾಗಿಲು ತೆರೆದರೆ ಅತ್ತೆ! ವಿನೆಗರ್ ಹಾಕಿ ಯಂತ್ರ ಉಜ್ಜಿ ಫಳಫಳ ಮಾಡಿದ್ದಾರೆ. ಕೋಟು ಮೊಳೆಗೆ ನೇತಾಡುತ್ತಿತ್ತು. ಕಾಲರಿನಲ್ಲಿ ಪಿನ್ನಿಲ್ಲ, ಅದು ಚುಚ್ಚಿದ್ದ ತೂತು ಮಾತ್ರ.

ಕಾಳು ಸುರಿದು, ತಿರುಗಿ ನೋಡದೆ ಕೇಳಿದರು.

"ಹೊಸ ಸಂಘದಲ್ಲಿ ನನ್ನ ಕೈ ಲೆಕ್ಕಕ್ಕೆ ಬರುತ್ತಾ?"

ಬರುತ್ತೆ ಅತ್ತೆ, ಅಂದೆ. ಅಷ್ಟರಲ್ಲಿ ಕಾಳು ಸಿಡಿಯತೊಡಗಿತು, ಹೊರಗೆ ಮಕ್ಕಳ ಗಲಾಟೆ. ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಹೇಳೋಣವೆಂದು ಹತ್ತಿರ ಹೋದೆ. ಅವರು ಕೈ ಒರೆಸಿಕೊಂಡು, ನನ್ನ ಕೈಗೆ ಹೊಸ ಕಾರ್ಡಿನ ದುಡ್ಡಿಟ್ಟರು.